ಮನೆಗೊಂದು ಹಣ: ಬುಕ್ಕರಾಯನ ಶಾಸನವೂ ನಮ್ಮ ಕಾಲದ ರಾಜಕಾರಣವೂ

ಧರ್ಮಕ್ಕೂ ರಾಜಕಾರಣಕ್ಕೂ ಸಂಬಂಧವಿರಬೇಕೆ, ಇರಬಾರದೆ ಎಂಬ ಪ್ರಶ್ನೆ ನಮ್ಮ ಸಮಾಜದ ಸಭೆಗಳಲ್ಲಿ ಪದೇ ಪದೇ ಚರ್ಚೆಗೆ ಬರುತ್ತದೆ. ಇರಲೇಬಾರದು ಎನ್ನುವವರು ಒಂದು ಪಕ್ಷ. ಧರ್ಮದ ಕಡಿವಾಣವಿಲ್ಲದ ರಾಜಕಾರಣದಿಂದ ದೇಶ ಹಾಳಾಗುತ್ತದೆ ಎನ್ನುವವರು ಇನ್ನೊಂದು ಪಕ್ಷ. ಈ ಎರಡು ಪಕ್ಷದವರೂ ತಮ್ಮ ಮಾತಿಗೆ ಆಧಾರವಾಗಿ ಒಂದೇ ಶಿಲಾಶಾಸನವನ್ನು ಎತ್ತಿ ಹೇಳುವುದುಂಟು. ಅದು ಶ್ರವಣಬೆಳಗೊಳದಲ್ಲಿರುವ, ಶಕವರ್ಷ 1290ರ, ಅಂದರೆ ಕ್ರಿ.ಶ. 1368ರ, ವಿಜಯನಗರದ ಬುಕ್ಕರಾಯನ ಕಾಲದ ಶಾಸನ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಅರಸನು ಇರಿಸಿದನೆಂಬ ಪ್ರಸಂಗವನ್ನು ಕೇಳದ ಶ್ರಾವಕನಿಲ್ಲ. ಆದರೆ ಆ ಶಾಸನದ ಉಳಿದ ಭಾಗ, ಅದರಲ್ಲೂ ಹಣಕಾಸಿಗೆ ಸಂಬಂಧಪಟ್ಟ ಭಾಗ, ವೇದಿಕೆಗಳ ಮೇಲೆ ಕೇಳಿಬರುವುದೇ ಇಲ್ಲ. ಕಿರ್ದಿ ಖಾತೆಗಳ ನಡುವೆ ಆಯುಷ್ಯ ಕಳೆದ ನನ್ನಂಥ ವ್ಯಾಪಾರಿಗೆ ಆ ಭಾಗವೇ ಅತ್ಯಂತ ಮುಖ್ಯವಾಗಿ ತೋರುತ್ತದೆ. ಆ ಲೆಕ್ಕವನ್ನು ಸರಿಯಾಗಿ ಓದಿದರೆ ನಮ್ಮ ಬಸದಿಗಳ ಧರ್ಮದರ್ಶಿಗಳು ಇಂದು ಸರ್ಕಾರದ ಮುಂದೆ ಹೇಗೆ ನಿಲ್ಲಬೇಕೆಂಬುದೂ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಪದಗಳ ಅರ್ಥವನ್ನು ಬಿಡಿಸಿಕೊಳ್ಳಬೇಕು. ಧರ್ಮವೆಂಬ ಒಂದೇ ಶಬ್ದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಅಹಿಂಸೆ, ಸತ್ಯ, ಅಚೌರ್ಯ, ಅಪರಿಗ್ರಹ ಮುಂತಾದ ಆಚರಣೆ ಒಂದು ಅರ್ಥ. ಒಂದು ದರ್ಶನವನ್ನು ಅನುಸರಿಸುವ ಜನಸಮುದಾಯ, ಅದರ ದೇಗುಲ, ಅದರ ಆಸ್ತಿ, ಅದರ ಉತ್ಸವ ಇನ್ನೊಂದು ಅರ್ಥ. ಧರ್ಮಕ್ಕೂ ರಾಜಕಾರಣಕ್ಕೂ ಸಂಬಂಧವಿಲ್ಲವೆನ್ನುವವರಿಗೆ ಧರ್ಮವೇ ಗೊತ್ತಿಲ್ಲವೆಂದು ಮಹಾತ್ಮ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದು ಮೊದಲನೆಯ ಅರ್ಥದಲ್ಲಿ. ಅವರ ಮೇಲೆ ಆಳವಾದ ಪ್ರಭಾವ ಬೀರಿದವರಲ್ಲಿ ಜೈನ ಶ್ರಾವಕರಾದ ರಾಯಚಂದಭಾಯಿಯವರೂ ಒಬ್ಬರೆಂಬುದು ಪ್ರಸಿದ್ಧವಾಗಿದೆ. ಮೊದಲನೆಯ ಅರ್ಥದ ಧರ್ಮ ಅಧಿಕಾರಸ್ಥನ ಮನಸ್ಸಿನೊಳಗೆ ಎಷ್ಟಿದ್ದರೂ ಹೆಚ್ಚಲ್ಲ. ವಿಚಾರ ಮಾಡಬೇಕಾದುದು ಎರಡನೆಯ ಅರ್ಥವನ್ನು ಕುರಿತು. ಒಂದು ಸಮುದಾಯ, ಸಮುದಾಯವಾಗಿ, ಆಳುವವರಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು?

ಈ ಪ್ರಶ್ನೆಗೆ ನಮ್ಮ ಕಡಬದ ಹೆಸರು ಹೊತ್ತ ದಾಖಲೆಯೊಂದೇ ಒಂದು ಬಗೆಯ ಉತ್ತರವನ್ನು ಕೊಡುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಪಟಗಳು ಶಕವರ್ಷ 735ಕ್ಕೆ, ಎಂದರೆ ಒಂಬತ್ತನೆಯ ಶತಮಾನದ ಆರಂಭಕ್ಕೆ ಸೇರಿದವು. ಪ್ರಭೂತವರ್ಷನೆಂಬ ಬಿರುದುಳ್ಳ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನು, ಗಂಗಮಂಡಲವನ್ನು ಆಳುತ್ತಿದ್ದ ಚಾಕಿರಾಜನ ಬಿನ್ನಹದಂತೆ, ಯಾಪನೀಯ ಸಂಘದ ಅರ್ಕಕೀರ್ತಿ ಮುನಿಗಳಿಗೆ ಜಾಲಮಂಗಲವೆಂಬ ಗ್ರಾಮವನ್ನು ದಾನ ಮಾಡಿದನೆಂದು ಅವು ಹೇಳುತ್ತವೆ. ದಾನವು ಮಾನ್ಯಪುರದ, ಎಂದರೆ ಇಂದಿನ ಮಣ್ಣೆಯ, ಪಶ್ಚಿಮಕ್ಕಿದ್ದ ಶಿಲಾಗ್ರಾಮದ ಜಿನಾಲಯಕ್ಕೆ ಸಲ್ಲುತ್ತದೆ. ದಾನಕ್ಕೆ ಕಾರಣವನ್ನೂ ತಾಮ್ರಪಟ ಮುಚ್ಚಿಡುವುದಿಲ್ಲ. ಕುನುಂಗಿಲ್ ದೇಶವನ್ನು, ಅಂದರೆ ನಮ್ಮ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನು ಚಾಕಿರಾಜನ ಸೋದರಳಿಯ. ಅವನಿಗೆ ಒದಗಿದ್ದ ಶನಿಪೀಡೆಯನ್ನು ಅರ್ಕಕೀರ್ತಿ ಮುನಿಗಳು ಪರಿಹರಿಸಿದರೆಂಬುದೇ ಆ ಕಾರಣ.

ನಮ್ಮ ಊರಿನ ಹೆಸರು ಶಾಸನಲೋಕದಲ್ಲಿ ಹೀಗೆ ನಿಂತಿರುವುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಹೆಮ್ಮೆ ವಿಮರ್ಶೆಯನ್ನು ತಡೆಯಬಾರದು. ಒಬ್ಬನ ಕರ್ಮಫಲವನ್ನು ಇನ್ನೊಬ್ಬನು ತೊಡೆದುಹಾಕಲಾರನೆಂಬುದು ಜಿನಸಿದ್ಧಾಂತ. ಹೀಗಿರುವಾಗ ಗ್ರಹಪೀಡೆಯ ನಿವಾರಣೆಗೆ ಪ್ರತಿಯಾಗಿ ಗ್ರಾಮವೊಂದು ದೊರೆತ ಈ ವ್ಯವಹಾರದಲ್ಲಿ ಸಿದ್ಧಾಂತಕ್ಕಿಂತ ಅರಮನೆಯ ಬಾಂಧವ್ಯವೇ ಮುಂದಾಗಿ ನಿಂತಿದೆ. ಅರಸನ ಅಳಿಯನಿಗೆ ಉಪಕಾರವಾಯಿತು, ಅರಸನು ಪ್ರಸನ್ನನಾದನು, ಬಸದಿಗೆ ಗ್ರಾಮ ಬಂದಿತು. ಅದರಿಂದ ಪೂಜೆ ನಡೆದಿರಬಹುದು, ಆಹಾರದಾನ ನಡೆದಿರಬಹುದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂಥ ದಾನದ ಬಲವೆಲ್ಲ ಕೊಟ್ಟವರ ಬಲ. ಗಂಗರು, ರಾಷ್ಟ್ರಕೂಟರು, ಹೊಯ್ಸಳರು ಇರುವಷ್ಟು ಕಾಲ ಚಾವುಂಡರಾಯ, ಗಂಗರಾಜ, ಹುಳ್ಳರಂಥ ಮಹನೀಯರು ಅಧಿಕಾರದಲ್ಲಿದ್ದರು, ಬಸದಿಗಳು ಎದ್ದವು. ಆ ಮನೆತನಗಳು ಅಳಿದ ಮೇಲೆ, ಅರಮನೆಯ ಕಡೆಗೇ ಮುಖ ಮಾಡಿ ನಿಂತಿದ್ದ ಸಮುದಾಯ ನೆರೆಹೊರೆಯವರ ನಡುವೆ ಒಂಟಿಯಾಯಿತು.

ಆ ಒಂಟಿತನದ ಹಿನ್ನೆಲೆಯಲ್ಲಿ 1368ರ ಶಾಸನವನ್ನು ಓದಬೇಕು. ಆಗ ವಿಜಯನಗರವು ಹುಟ್ಟಿ ಕೇವಲ ಮೂವತ್ತೆರಡು ವರ್ಷವಾಗಿತ್ತು. ಹೊಸ ರಾಜ್ಯ, ಗಡಿಗಳಲ್ಲಿ ಯುದ್ಧ, ಬೊಕ್ಕಸಕ್ಕೆ ಹಣದ ಅಗತ್ಯ, ನಾನಾ ಭಾಷೆ ನಾನಾ ಮತಗಳ ಜನ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಬೆಳೆಯುತ್ತಿರುವ ರಾಷ್ಟ್ರ. ಅಲ್ಲಿ ಜೈನರಿಗೂ ಭಕ್ತರೆನಿಸಿದ ವೈಷ್ಣವರಿಗೂ ವಿವಾದ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಕಲ್ಲೇಹವೆಂದರೆ ನಮ್ಮ ನೆರೆಯ ಮಾಗಡಿ ಸೀಮೆಯ ಕಲ್ಯ. ಇದೇ ತೀರ್ಮಾನದ ಇನ್ನೊಂದು ಶಾಸನ ಅಲ್ಲಿಯೂ ಇದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೆಳವರ್ಗದ ಭಕ್ತರನ್ನೂ ಮುಂದಿಟ್ಟುಕೊಂಡು ಅರಸನು ತೀರ್ಪು ಕೊಟ್ಟನು. ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಭಕ್ತರಿಂದ ಜೈನದರ್ಶನಕ್ಕೆ ಆಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೇ ದರ್ಶನದ ಹಾನಿವೃದ್ಧಿಗಳೆಂದು ಭಾವಿಸಬೇಕು. ರಾಜ್ಯದ ಎಲ್ಲ ಬಸದಿಗಳಲ್ಲಿ ಈ ಶಾಸನವನ್ನು ವೈಷ್ಣವರೇ ನೆಡಿಸಬೇಕು.

ಇಲ್ಲಿ ಮೊದಲನೆಯ ವಿಮರ್ಶೆ. ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಈ ಶಾಸನದಲ್ಲಿ ಬರುವ ಮಾತನ್ನು ನಮ್ಮ ಉಪನ್ಯಾಸಕರು ತತ್ತ್ವಜ್ಞಾನವೆಂಬಂತೆ ವ್ಯಾಖ್ಯಾನಿಸುತ್ತಾರೆ. ಅದು ತತ್ತ್ವಜ್ಞಾನವಲ್ಲ. ಸೃಷ್ಟಿಕರ್ತನನ್ನು ಒಪ್ಪುವ ದರ್ಶನಕ್ಕೂ ಒಪ್ಪದ ದರ್ಶನಕ್ಕೂ, ಪ್ರಸಾದದಿಂದ ಮೋಕ್ಷವೆನ್ನುವ ಮಾರ್ಗಕ್ಕೂ ಸ್ವಪ್ರಯತ್ನದಿಂದ ಕರ್ಮಕ್ಷಯವೆನ್ನುವ ಮಾರ್ಗಕ್ಕೂ ಭೇದವಿದ್ದೇ ಇದೆ. ಅದನ್ನು ಮುಚ್ಚಿಡುವುದು ಎರಡಕ್ಕೂ ಅಪಚಾರ. ಅನೇಕಾಂತವೆಂದರೆ ಎಲ್ಲ ಮತವೂ ಒಂದೇ ಎಂಬ ಮಾತಲ್ಲ. ವಸ್ತುವಿಗೆ ಅನೇಕ ಧರ್ಮಗಳಿವೆ, ಪ್ರತಿಯೊಂದು ನಯಕ್ಕೂ ತನ್ನ ಸೀಮೆಯಿದೆ ಎಂಬ ಎಚ್ಚರ. ಅರಸನು ಯಾವ ದರ್ಶನ ಸತ್ಯವೆಂದು ವಿಚಾರಿಸಲಿಲ್ಲ. ಬೀದಿಯಲ್ಲಿ ವಾದ್ಯ ಬಾರಿಸುವ ಹಕ್ಕು ಯಾರದು, ಕಲಶದ ಮರ್ಯಾದೆ ಯಾರಿಗೆ ಎಂಬುದನ್ನಷ್ಟೆ ವಿಚಾರಿಸಿದನು. ಭೇದವಿಲ್ಲವೆಂದರೆ ಸಿಂಹಾಸನದ ಮುಂದೆ ಭೇದವಿಲ್ಲವೆಂದು ಅರ್ಥ. ಆಳುವವನ ವ್ಯಾಪ್ತಿ ಅಷ್ಟೇ ಇರಬೇಕಾದುದು. ಅಷ್ಟರಲ್ಲೇ ನಿಂತುದರಿಂದ ಆ ತೀರ್ಪಿಗೆ ಬೆಲೆ ಬಂದಿತು.

ಎರಡನೆಯದು ಹಣದ ವಿಚಾರ. ರಾಜ್ಯದ ಜೈನರೆಲ್ಲರೂ ಬಾಗಿಲಿಗೆ ಅನುಸಾರವಾಗಿ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯನವರು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಜನ ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ಲೆಕ್ಕವನ್ನು ಜಮಾ ಮತ್ತು ಖರ್ಚು ಎಂದು ಎರಡು ಅಂಕಣ ಮಾಡಿ ನೋಡೋಣ. ಜಮೆ ಪೂರ್ತಿಯಾಗಿ ಜೈನರದು. ಖರ್ಚು ಪೂರ್ತಿಯಾಗಿ ಜೈನರ ಕ್ಷೇತ್ರಕ್ಕೆ. ಹಣವನ್ನು ನಿರ್ವಹಿಸುವವರು ವೈಷ್ಣವ ಆಚಾರ್ಯರು. ಅರಸನ ಬೊಕ್ಕಸದ ಹೆಸರಿನಲ್ಲಿ, ಜಮೆಯಲ್ಲಾಗಲಿ ಖರ್ಚಿನಲ್ಲಾಗಲಿ, ಒಂದು ಕಾಸೂ ಇಲ್ಲ.

ಈ ಲೆಕ್ಕವನ್ನು ನೋಡಿ ಒಬ್ಬರು ನೊಂದುಕೊಳ್ಳಬಹುದು. ಅನ್ಯಾಯಕ್ಕೆ ಒಳಗಾದವರೇ ತಮ್ಮ ರಕ್ಷಣೆಯ ವೆಚ್ಚವನ್ನು ಹೊರಬೇಕಾಯಿತಲ್ಲ, ಇದೆಂಥ ನ್ಯಾಯ? ಈ ಆಕ್ಷೇಪ ಸತ್ಯವಾದುದು. ಶಾಸನವನ್ನು ಕೊಂಡಾಡುವಾಗ ಇದನ್ನು ಮರೆಯಬಾರದು. ಆದರೆ ಇನ್ನೊಂದು ನಯವೂ ಇದೆ. ಯಾರ ಜನರಿಂದ ಭಯವಿತ್ತೋ ಅವರ ಗುರುಪೀಠಕ್ಕೇ ಕಾವಲಿನ ಹೊಣೆಯನ್ನು ಅರಸನು ಕಟ್ಟಿದನು. ನಮ್ಮ ವ್ಯಾಪಾರದಲ್ಲಿ ಜಾಮೀನು ಎಂಬುದುಂಟು. ಹೊಣೆ ಹೊತ್ತವನು ತನ್ನ ಕಡೆಯವರು ತಪ್ಪಿದಾಗ ತಾನೇ ಉತ್ತರ ಹೇಳಬೇಕು. ಇಲ್ಲಿ ತಾತಯ್ಯನವರು ಅಂಥ ಜಾಮೀನುದಾರರು. ಅದೂ ಜೈನರ ಒಪ್ಪಿಗೆಯ ಮೇರೆಗೆ ಆದ ಏರ್ಪಾಡೆಂದು ಶಾಸನ ಸ್ಪಷ್ಟಪಡಿಸುತ್ತದೆ. ಕಡಬದ ತಾಮ್ರಪಟದಲ್ಲಿ ಅರಸನು ಗ್ರಾಮ ಕೊಟ್ಟನು, ನೆರೆಯವರನ್ನು ಯಾವ ಹೊಣೆಗೂ ಕಟ್ಟಲಿಲ್ಲ. ಬೆಳಗೊಳದ ಶಾಸನದಲ್ಲಿ ಅರಸನು ಗ್ರಾಮ ಕೊಡಲಿಲ್ಲ, ನೆರೆಯವರನ್ನು ಹೊಣೆಗೆ ಕಟ್ಟಿದನು. ಮೊದಲನೆಯದು ಅನುಗ್ರಹ, ಎರಡನೆಯದು ನ್ಯಾಯ. ಸಮುದಾಯವು ಆಳುವವರಿಂದ ಕೇಳಬೇಕಾದುದು ಎರಡನೆಯದನ್ನು.

ಶಾಸನದ ಕೊನೆಯ ಭಾಗವೂ ಗಮನಾರ್ಹ. ಕಲ್ಲೇಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿಯೆಂಬವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಕೊಂಡು, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಗೌರವ ಕೊಟ್ಟರು. ಸೂರ್ಯಚಂದ್ರರಿರುವವರೆಗೆ ನಡೆಯಬೇಕೆಂದು ಕಲ್ಲಿನಲ್ಲಿ ಕಂಡರಿಸಿದ ಒಪ್ಪಂದವೂ ತಾನಾಗಿ ನಡೆಯಲಿಲ್ಲ. ಒಬ್ಬ ಸೆಟ್ಟಿ ತನ್ನ ಕೆಲಸ ಬಿಟ್ಟು ಓಡಾಡಬೇಕಾಯಿತು. ಎದುರು ಪಕ್ಷದ ಗುರುಗಳನ್ನು ಕರೆತರಬೇಕಾಯಿತು. ಅವನಿಗೆ ಸಿಕ್ಕ ಬಿರುದು ಕೂಡ ಒಂದು ಪಕ್ಷದ್ದಲ್ಲ, ಎರಡೂ ಪಕ್ಷದ್ದು. ಕಾನೂನು ಇದ್ದರೆ ಸಾಕು, ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕುಳಿತುಕೊಳ್ಳುವ ಸಮುದಾಯಕ್ಕೆ ಇದೊಂದು ಪಾಠ.

ಮುಂದೆ 1638ರಲ್ಲಿ ಹಳೇಬೀಡಿನಲ್ಲಿ ನಡೆದ ಘಟನೆ ಇನ್ನೊಂದು ಹೆಜ್ಜೆ ಮುಂದಿನದು. ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬವರು ಲಿಂಗಮುದ್ರೆ ಹಾಕಿದರು. ವಿಜಯಪ್ಪನೆಂಬವನು ಅದನ್ನು ಅಳಿಸಿದನು. ಕಲಹವಾಗಿ ಹೊತ್ತಿಕೊಳ್ಳಬಹುದಾಗಿದ್ದ ಈ ಪ್ರಸಂಗವನ್ನು ವೀರಶೈವರ ಮಹಾಮಹತ್ತಿನ ಹಿರಿಯರು ಸೇರಿ ತೀರ್ಮಾನಿಸಿದರು. ಮೊದಲು ವಿಭೂತಿ ವೀಳ್ಯ ಸಲ್ಲಬೇಕು, ಅನಂತರ ವಿಜಯಪಾರ್ಶ್ವನಾಥನ ಪೂಜೆ ಪುನಸ್ಕಾರಗಳು ಹಿಂದಿನ ಪದ್ಧತಿಯಂತೆಯೇ ನಡೆಯಬೇಕು. ಅದಕ್ಕೆ ಅಡ್ಡಿಮಾಡುವವನು ಶಿವನಿಗೂ ಜಂಗಮಕ್ಕೂ ದ್ರೋಹಿ ಎಂದು ತಮ್ಮವರಿಗೇ ಕಟ್ಟು ವಿಧಿಸಿದರು. ವಿಭೂತಿ ವೀಳ್ಯ ಮೊದಲು ಎಂಬ ಷರತ್ತು ಸಮಾನತೆಯದಲ್ಲ. ಬಲವುಳ್ಳವರ ಗುರುತು ಅದರಲ್ಲಿದೆ. ಆದರೂ ತಮ್ಮವರ ಕೈಯನ್ನು ತಾವೇ ಹಿಡಿದ ಆ ಹಿರಿಯರ ನಡತೆ ಆದರಣೀಯ. ಹೀಗೆ ಮೂರು ದಾಖಲೆಗಳು ಮೂರು ದಾರಿಗಳನ್ನು ತೋರಿಸುತ್ತವೆ: ಅರಸನ ದಾನ, ಅರಸನ ನ್ಯಾಯ, ನೆರೆಯವರೊಳಗಿನ ಒಪ್ಪಂದ.

ಈಗ ನಮ್ಮ ಗಣರಾಜ್ಯಕ್ಕೆ ಬರೋಣ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಬುಕ್ಕರಾಯನ ತೀರ್ಪಿನ ಕೊರತೆಯನ್ನು ತುಂಬಿಕೊಟ್ಟಿದೆ. 25 ಮತ್ತು 26ನೆಯ ಅನುಚ್ಛೇದಗಳು ಆರಾಧನೆಯ ಮತ್ತು ಧಾರ್ಮಿಕ ಸಂಸ್ಥೆಗಳ ನಿರ್ವಹಣೆಯ ಹಕ್ಕನ್ನು ಕೊಡುತ್ತವೆ. ಯಾವುದೇ ಒಂದು ಧರ್ಮದ ಪೋಷಣೆಗೆಂದು ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲವೆಂದು 27ನೆಯ ಅನುಚ್ಛೇದ ಹೇಳುತ್ತದೆ. ಪ್ರಾಣರಕ್ಷಣೆಗೆ ಇಂದು ಮನೆಗೊಂದು ಹಣ ಕೊಡಬೇಕಿಲ್ಲ. ಅದು ಎಲ್ಲ ಪ್ರಜೆಗಳಿಗೂ ಸಾಮಾನ್ಯ ಬೊಕ್ಕಸದಿಂದ ಸಲ್ಲಬೇಕಾದ ಋಣ. 1989ರಲ್ಲಿ ವಜಾಗೊಂಡ ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರದಿಂದ ಆರಂಭವಾದ ಮೊಕದ್ದಮೆಯಲ್ಲಿ, 1994ರಲ್ಲಿ, ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅಭ್ಯರ್ಥಿಯ ಅಥವಾ ಮತದಾರನ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರವೆಂದು 2017ರ ಜನವರಿ 2ರಂದು ಅದೇ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ನಿರ್ಣಯಿಸಿತು.

ಹಾಗಾದರೆ ಧರ್ಮಸಂಸ್ಥೆಗೂ ಸರ್ಕಾರಕ್ಕೂ ಯಾವ ವ್ಯವಹಾರವೂ ಬೇಡವೆ? ಬೆಳೆಯುತ್ತಿರುವ ರಾಷ್ಟ್ರದಲ್ಲಿ ಅದು ಸಾಧ್ಯವಿಲ್ಲ, ಉಚಿತವೂ ಅಲ್ಲ. ಸರ್ಕಾರಿ ಶಾಲೆ ಸಾಲದಿದ್ದ ಕಾಲದಲ್ಲಿ ನಮ್ಮ ತುಮಕೂರಿನ ಸಿದ್ಧಗಂಗಾ ಮಠವು ಜಾತಿಮತ ನೋಡದೆ ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟಿತು. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ದರ್ಶನಕ್ಕೆ ಎಲ್ಲ ಪಕ್ಷದ ನಾಯಕರೂ ಬರುತ್ತಿದ್ದರು. ಇನ್ನು ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಬಂದು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದರು. 2018ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರೂ ಪ್ರಧಾನಿ ನರೇಂದ್ರ ಮೋದಿಯವರೂ ಬಂದರು. ಲಕ್ಷಾಂತರ ಜನ ಸೇರುವಲ್ಲಿ ಸರ್ಕಾರ ರಸ್ತೆ, ನೀರು, ಆಸ್ಪತ್ರೆಗಳ ಏರ್ಪಾಡು ಮಾಡಿದರೆ ಅದರಲ್ಲಿ ದೋಷವಿಲ್ಲ. ಆ ರಸ್ತೆಯಲ್ಲಿ ಯಾರು ಬೇಕಾದರೂ ನಡೆಯಬಹುದು. ಆದರೆ ಕಳೆದ ಒಂದೆರಡು ದಶಕಗಳಲ್ಲಿ ರಾಜ್ಯದ ಕೆಲವು ಮುಂಗಡಪತ್ರಗಳು ಮಠಗಳ ಹೆಸರಿಗೇ ಹಣ ತೆಗೆದಿರಿಸಿದುದು ಬೇರೆಯ ಜಾತಿಯ ವ್ಯವಹಾರ. ಅದು ಜಾಲಮಂಗಲ ಗ್ರಾಮದಾನದ ಪರಂಪರೆಗೆ ಸೇರಿದ್ದು. ಕೊಡುವವನ ಪ್ರಸನ್ನತೆ ಇರುವವರೆಗೆ ಅದು ಬರುತ್ತದೆ. ಪ್ರಸನ್ನತೆಯನ್ನು ಉಳಿಸಿಕೊಳ್ಳಲು ಪಡೆದವನು ಬಾಯಿ ಕಟ್ಟಿಕೊಳ್ಳಬೇಕಾಗುತ್ತದೆ.

ಆದುದರಿಂದ ಧರ್ಮದರ್ಶಿಗಳು ಯಾವುದೇ ಮನವಿಗೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದೇ ಸ್ಥಿತಿಯಲ್ಲಿರುವ ಅನ್ಯಮತದವರಿಗೂ ಇದು ಸಲ್ಲಬೇಕೆಂದು ನಾವು ಒಪ್ಪುತ್ತೇವೆಯೇ? ಸರ್ಕಾರ ಬದಲಾದರೂ ಇದನ್ನು ಹಕ್ಕಾಗಿ ಕೇಳಬಲ್ಲೆವೆ? ಇದಕ್ಕೆ ಪ್ರತಿಯಾಗಿ ನಮ್ಮಿಂದ ಏನನ್ನು ನಿರೀಕ್ಷಿಸಲಾಗಿದೆ? 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನಾವು ಸುಮಾರು 4 ಲಕ್ಷ 40 ಸಾವಿರ, ಜನಸಂಖ್ಯೆಯಲ್ಲಿ ಶೇಕಡ 1ಕ್ಕಿಂತ ಕಡಿಮೆ. ಬಡ ಶ್ರಾವಕನ ಮಗಳಿಗೆ ವಿದ್ಯಾರ್ಥಿವೇತನ ದೊರೆಯುವುದು ಮೂರು ಪ್ರಶ್ನೆಗಳಿಗೂ ನಿಲ್ಲುತ್ತದೆ. ಪಂಚಕಲ್ಯಾಣದ ವೇದಿಕೆಯಲ್ಲಿ ಅಭ್ಯರ್ಥಿಗೆ ಹಾರ ಹಾಕಿಸಿ ಸಮುದಾಯ ಭವನ ಪಡೆಯುವುದು ಒಂದಕ್ಕೂ ನಿಲ್ಲುವುದಿಲ್ಲ. ಮೇಲಾಗಿ, ಧಾರ್ಮಿಕ ಸಂಸ್ಥೆಗಳ ದುರುಪಯೋಗವನ್ನು ತಡೆಯುವ 1988ರ ಕೇಂದ್ರ ಕಾಯಿದೆಯು ದೇಗುಲದ ಆವರಣ, ಹಣ, ಉತ್ಸವಗಳನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ನಿಷೇಧಿಸಿದೆ. ತಪ್ಪಿದ ವ್ಯವಸ್ಥಾಪಕರಿಗೆ ಐದು ವರ್ಷಗಳವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹೊಣೆ ವೇದಿಕೆ ಏರಿದ ನಾಯಕನದಷ್ಟೇ ಅಲ್ಲ, ವೇದಿಕೆ ಕೊಟ್ಟ ಧರ್ಮದರ್ಶಿಯದೂ ಹೌದು ಎಂಬುದನ್ನು ನೆನಪಿಡಬೇಕು.

2023ರ ಜುಲೈಯಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾದಾಗ ನಾಡಿನ ಶ್ರಾವಕರೆಲ್ಲ ತಲ್ಲಣಿಸಿದರು. ವಿಹಾರ ಮಾಡುವ ಮುನಿಗಳಿಗೆ ರಕ್ಷಣೆ ಬೇಕೆಂದು ಕೇಳಿದುದು ಸರ್ವಥಾ ನ್ಯಾಯವಾದುದು. ಆದರೆ ಆ ದುಃಖ ಕೆಲವೇ ದಿನಗಳಲ್ಲಿ ಪಕ್ಷಪಕ್ಷಗಳ ಜಗಳದ ವಸ್ತುವಾಯಿತು. ರಕ್ಷಣೆಯ ಕೇಳಿಕೆ ಒಂದು ಪಕ್ಷದ ಬಾವುಟದ ಕೆಳಗೆ ಹೋದರೆ ಅದು ನ್ಯಾಯದ ಕೇಳಿಕೆಯಾಗಿ ಉಳಿಯುವುದಿಲ್ಲ. ಎದುರು ಪಕ್ಷಕ್ಕೆ ಅದನ್ನು ಕಡೆಗಣಿಸಲು ನೆಪ ದೊರೆಯುತ್ತದೆ.

ಕೊನೆಯದಾಗಿ, ಅತ್ಯಂತ ಕಠಿಣವಾದ ಪರೀಕ್ಷೆ. ಝಾರ್ಖಂಡದ ಸಮ್ಮೇದಗಿರಿಯ ಸುತ್ತ ಪ್ರವಾಸೋದ್ಯಮಕ್ಕೆ ಅವಕಾಶ ಕೊಡುವ 2019ರ ಅಧಿಸೂಚನೆಯನ್ನು ದೇಶದ ಜೈನರು ಪ್ರತಿಭಟಿಸಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಆ ಚಟುವಟಿಕೆಗಳನ್ನು ತಡೆಹಿಡಿಯಿತು; ಗಿರಿಯಲ್ಲಿ ಮದ್ಯಮಾಂಸಗಳ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ರಾಜ್ಯಕ್ಕೆ ಸೂಚಿಸಿತು. ನಮಗೆಲ್ಲ ಸಂತೋಷವಾಯಿತು. ಆದರೆ ಅದೇ ಗಿರಿ ಸಂತಾಲ ಜನರಿಗೆ ಮರಾಂಗ್ ಬುರು ಎಂಬ ಪೂಜ್ಯ ಸ್ಥಾನ. ಅವರೂ ಅದೇ ತಿಂಗಳು ಸಾವಿರಾರು ಸಂಖ್ಯೆಯಲ್ಲಿ ಸೇರಿ, ತಮ್ಮ ಹಿರಿಯರ ಬೆಟ್ಟ ತಮ್ಮ ಕೈತಪ್ಪುತ್ತದೆಂದು ಕಳವಳ ತೋಡಿಕೊಂಡರು. ಅವರ ಆಚರಣೆಯಲ್ಲಿ ಬಲಿಯುಂಟು. ಜೈನನಾದವನು ಅದನ್ನು ಒಪ್ಪಲಾರ, ಒಪ್ಪಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ 1368ರಲ್ಲಿ ಅರಸನ ಬಾಗಿಲಿಗೆ ದೂರು ಹೊತ್ತು ಹೋದ ದುರ್ಬಲರು ನಾವಾಗಿದ್ದೆವು. ಈ ಗಿರಿಯ ವಿಚಾರದಲ್ಲಿ ಆಳುವವರ ಕಿವಿಗೆ ಸಮೀಪವಾಗಿರುವವರು, ಹಣವುಳ್ಳವರು, ಮಾತು ಬಲ್ಲವರು ನಾವು, ದೂರದಲ್ಲಿರುವವರು ಅವರು. ನೆರೆಯವರ ಹಾನಿಯನ್ನು ನಿಮ್ಮ ಹಾನಿಯೆಂದು ತಿಳಿಯಿರಿ ಎಂದು ಅಂದು ವೈಷ್ಣವರಿಗೆ ಹೇಳಿದ ಮಾತು ಇಂದು ನಮಗೆ ಅನ್ವಯಿಸುತ್ತದೆ. ಆ ಶಾಸನದಲ್ಲಿ ನಾವು ಬರೀ ಜೈನರ ಸ್ಥಾನದಲ್ಲಿ ನಿಂತು ಓದಿದರೆ ಸಾಲದು, ತಾತಯ್ಯನವರ ಸ್ಥಾನದಲ್ಲಿ ನಿಂತೂ ಓದಬೇಕು.

ಸಮ್ಮೇದಗಿರಿಯ ಸಂಸ್ಥೆಗಳೂ ಸಂತಾಲ ಹಿರಿಯರೂ ಹಳೇಬೀಡಿನ ಹಿರಿಯರಂತೆ ಒಂದೆಡೆ ಕುಳಿತು, ಯಾವ ದಾರಿ ಯಾರಿಗೆ, ಯಾವ ಸ್ಥಳದಲ್ಲಿ ಯಾವ ಆಚರಣೆ ಎಂದು ಗೊತ್ತುಮಾಡಿಕೊಂಡರೆ ಸರ್ಕಾರದ ಆಜ್ಞೆಗಿಂತ ಅದು ಹೆಚ್ಚು ಕಾಲ ಬಾಳುತ್ತದೆ. ಆಜ್ಞೆಯನ್ನು ಮುಂದಿನ ಸರ್ಕಾರ ಬದಲಾಯಿಸಬಹುದು. ಅಹಿಂಸೆಯನ್ನು ಪೊಲೀಸರ ಲಾಠಿಯಿಂದ ಬೋಧಿಸಲಾಗದೆಂಬುದು ನಮಗೆ ಬೇರೆಯವರು ಹೇಳಿಕೊಡಬೇಕಾದ ಮಾತಲ್ಲ.

ದೊಡ್ಡ ಕ್ಷೇತ್ರಗಳ ಮಾತು ಹಾಗಿರಲಿ. ನಮ್ಮ ನಿಟ್ಟೂರಿನಂಥ, ಮಂದರಗಿರಿಯಂಥ ಸ್ಥಳಗಳ ಬಸದಿಗಳ ಸುತ್ತ ವಾಸಿಸುವವರಲ್ಲಿ ಬಹುಪಾಲು ಜನ ಅನ್ಯಮತದವರು. ಅವರ ಸ್ನೇಹಕ್ಕಿಂತ ಗಟ್ಟಿಯಾದ ಅಂಗರಕ್ಷೆ ಯಾವ ಸರ್ಕಾರದಿಂದಲೂ ದೊರೆಯದು. ಪ್ರತಿಯೊಂದು ಟ್ರಸ್ಟೂ ತನ್ನ ವಾರ್ಷಿಕ ಲೆಕ್ಕದಲ್ಲಿ ಒಂದು ಬಾಬನ್ನು, ಅದು ಚಿಕ್ಕದಾಗಿದ್ದರೂ ಸರಿ, ಊರಿನ ಎಲ್ಲ ಮತದ ಮಕ್ಕಳ ವಿದ್ಯೆಗೋ ಔಷಧಕ್ಕೋ ಕುಡಿಯುವ ನೀರಿಗೋ ಎತ್ತಿಡಲಿ. ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶ ಬರುವವರೆಗೆ ಯಾವ ಅಭ್ಯರ್ಥಿಯನ್ನೂ ಬಸದಿಯ ವೇದಿಕೆಗೆ ಕರೆಯುವುದಿಲ್ಲವೆಂದು ಒಂದು ಠರಾವು ಮಾಡಲಿ. ದರ್ಶನಕ್ಕೆ ಬಂದವರು ಎಲ್ಲರಂತೆ ಸಾಲಿನಲ್ಲಿ ನಿಂತು ದರ್ಶನ ಮಾಡಿ ಹೋಗಲಿ. ಈ ಎರಡು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ಮಹಾಸಭೆಯಲ್ಲಿಯೇ ಆರಂಭಿಸಬಹುದು.